ಏಳು ದಿನದ ಅಂಡಮಾನ್: ಮೊದಲು ಯಾವ ದ್ವೀಪ ಬಿಡಬೇಕು ಅಂತ ನೋಡಿ

ಪ್ರಶ್ನೆ: ನಾವು ದಾವಣಗೆರೆಯವರು. ಮದುವೆಯಾಗಿ ಮೂರು ವರ್ಷವಾಯಿತು, ಇಬ್ಬರೇ ಅಂತ ಎಲ್ಲಿಗೂ ಹೋಗಿಲ್ಲ. ಫೆಬ್ರವರಿ ಎರಡನೇ ವಾರ ಏಳು ದಿನ ಅಂಡಮಾನ್‌ಗೆ ಹೋಗಬೇಕು ಅಂತಿದ್ದೇವೆ. ಏಜೆಂಟ್ ಒಬ್ಬರು ಪೋರ್ಟ್ ಬ್ಲೇರ್, ಹ್ಯಾವ್‌ಲಾಕ್, ನೀಲ್, ಬಾರಾಟಾಂಗ್, ದಿಗ್ಲಿಪುರ ಎಲ್ಲ ಸೇರಿಸಿ ಇಬ್ಬರಿಗೆ 1,38,000 ರೂಪಾಯಿ ಪ್ಯಾಕೇಜ್ ಕೊಟ್ಟಿದ್ದಾರೆ. ನನಗೆ ಸ್ಕೂಬಾ ಮಾಡುವ ಆಸೆ, ಆದರೆ ಈಜು ಬರುವುದಿಲ್ಲ. ನಮ್ಮವರಿಗೆ ನೀರೆಂದರೆ ಭಯ, ಮೇಲೆ ಶುದ್ಧ ಸಸ್ಯಾಹಾರಿ. ನನಗೆ ಮೀನು ಬೇಕು. ಈ ಪ್ಯಾಕೇಜ್ ತೆಗೆದುಕೊಳ್ಳಬಹುದಾ? ಇನ್ನೊಂದು ಮಾತು, ಅಲ್ಲಿ ಫೋನ್ ಸಿಗ್ನಲ್ ಹೇಗೆ? ಅತ್ತೆಗೆ ದಿನಾ ಎರಡು ಸಲ ಫೋನ್ ಮಾಡಬೇಕು.

ಉತ್ತರ: ಬೇಡ. ದುಡ್ಡು ಜಾಸ್ತಿ ಅನ್ನೋದು ಆಮೇಲಿನ ಮಾತು, ಆ ಪಟ್ಟಿಯೇ ಸರಿಯಿಲ್ಲ. ಏಳು ದಿನಕ್ಕೆ ಐದು ಊರು ಅಂದರೆ ನೀವಿಬ್ಬರೂ ನೋಡುವುದು ಜೆಟ್ಟಿಯ ಕ್ಯೂ ಮತ್ತು ಕಾರಿನ ಹಿಂದಿನ ಸೀಟು. ದಿಗ್ಲಿಪುರ ಪೋರ್ಟ್ ಬ್ಲೇರ್‌ನಿಂದ ರಸ್ತೆಯಲ್ಲಿ 300 ಕಿ.ಮೀ.ಗೂ ಜಾಸ್ತಿ. ಹೋಗುವುದಕ್ಕೆ ಒಂದು ದಿನ, ಬರುವುದಕ್ಕೆ ಒಂದು ದಿನ. ಅದನ್ನು ಮೊದಲು ಹೊಡೆದುಹಾಕಿ.

ಬಾರಾಟಾಂಗ್ ಅನ್ನೂ ಬಿಡಿ ಅಂತಲೇ ನಾನು ಹೇಳುವುದು. ಅಲ್ಲಿ ಸುಣ್ಣಕಲ್ಲಿನ ಗುಹೆ ಇದೆ, ಕೆಸರು ಉಕ್ಕುವ ಸಣ್ಣ ಜ್ವಾಲಾಮುಖಿಗಳಿವೆ, ಮ್ಯಾಂಗ್ರೋವ್ ಕಾಡಿನ ನಡುವೆ ಬೋಟಿನಲ್ಲಿ ಹೋಗುವುದು ನಿಜಕ್ಕೂ ಚೆಂದ. ಆದರೆ ದಾರಿ ಹೋಗುವುದು ಜಾರವಾ ಅನ್ನುವ ಆದಿವಾಸಿ ಜನರ ಮೀಸಲು ಕಾಡಿನೊಳಗೆ. ಜಿರ್ಕಾಟಾಂಗ್ ಚೆಕ್‌ಪೋಸ್ಟಿನಲ್ಲಿ ಗಾಡಿಗಳನ್ನೆಲ್ಲ ಸಾಲು ನಿಲ್ಲಿಸಿ ಒಟ್ಟಿಗೆ ಬಿಡುತ್ತಾರೆ. ಬೆಳಗ್ಗೆ ಆರರ ಸಾಲು ಹಿಡಿಯಬೇಕು ಅಂದರೆ ಮೂರು ಗಂಟೆಗೆಲ್ಲ ಹೋಟೆಲ್ ಬಿಡಬೇಕು. ಒಳಗೆ ಗಾಡಿ ನಿಲ್ಲಿಸುವ ಹಾಗಿಲ್ಲ, ಫೋಟೊ ತೆಗೆಯುವ ಹಾಗಿಲ್ಲ, ಆ ಜನರಿಗೆ ತಿನ್ನಲು ಏನೂ ಕೊಡುವ ಹಾಗಿಲ್ಲ. ಕಾನೂನು ಇಷ್ಟು ಬಿಗಿ ಇದ್ದರೂ ಕಾರಿನಲ್ಲಿ ಕೂತವರೆಲ್ಲ ಕಿಟಕಿಗೆ ಮುಖ ಒತ್ತಿಕೊಂಡು ಯಾರಾದರೂ ಕಾಣುತ್ತಾರಾ ಅಂತ ಹುಡುಕುವುದನ್ನು ಒಂದು ಸಲ ನೋಡಿದೆ. ಆಮೇಲೆ ನಾನು ಯಾರಿಗೂ ಆ ದಾರಿ ಹೇಳುವುದಿಲ್ಲ. ಇದು ನನ್ನ ಅಭಿಪ್ರಾಯ, ನಿಮಗೆ ಬೇರೆ ಅನ್ನಿಸಬಹುದು.

ಹಾಗಾದರೆ ಉಳಿಯಿತು ಮೂರು: ಪೋರ್ಟ್ ಬ್ಲೇರ್, ಹ್ಯಾವ್‌ಲಾಕ್, ನೀಲ್. ಹೆಸರಿನ ಗೊಂದಲ ಮೊದಲೇ ಹೇಳಿಬಿಡುತ್ತೇನೆ. ಹ್ಯಾವ್‌ಲಾಕ್ 2018ರ ಕೊನೆಯಲ್ಲಿ ಸ್ವರಾಜ್ ದ್ವೀಪ ಆಯಿತು, ನೀಲ್ ಶಹೀದ್ ದ್ವೀಪ ಆಯಿತು, ಪೋರ್ಟ್ ಬ್ಲೇರ್ 2024ರಲ್ಲಿ ಶ್ರೀ ವಿಜಯಪುರಂ ಆಯಿತು. ಟಿಕೆಟ್‌ನಲ್ಲಿ ಹೊಸ ಹೆಸರು ಇರಬಹುದು, ಆಟೊದವರ ಬಾಯಲ್ಲಿ ಹಳೆಯದೇ. ಟಿಕೆಟ್ ನೋಡಿ ಬೇರೆ ಊರಿನದು ಬುಕ್ ಆಯಿತು ಅಂತ ಗಾಬರಿಯಾಗಿ ರಾತ್ರಿ ಹನ್ನೊಂದಕ್ಕೆ ಫೋನ್ ಮಾಡಿದವರಿದ್ದಾರೆ, ಅದಕ್ಕೇ ಹೇಳಿದೆ.

ಈಗ ಮುಖ್ಯ ವಿಷಯ. ಅಂಡಮಾನ್‌ನಲ್ಲಿ ನಿಮ್ಮ ಪ್ಲಾನ್ ಮಾಡುವುದು ನೀವಲ್ಲ, ಸೂರ್ಯ ಮತ್ತು ಫೆರ್ರಿ. ಆ ದ್ವೀಪಗಳು ನಮಗಿಂತ ಎಷ್ಟೋ ಪೂರ್ವಕ್ಕಿವೆ, ಮ್ಯಾನ್ಮಾರ್ ಹತ್ತಿರ. ಗಡಿಯಾರ ಮಾತ್ರ ನಮ್ಮದೇ. ಹಾಗಾಗಿ ಫೆಬ್ರವರಿಯಲ್ಲೂ ಸಂಜೆ ಐದೂವರೆಗೆ ಸೂರ್ಯ ಮುಳುಗುತ್ತಾನೆ, ಆರಕ್ಕೆ ಕತ್ತಲು. ಬೆಳಗ್ಗೆ ಐದೂವರೆಗೆ ಬೆಳಕು ಹರಿದಿರುತ್ತದೆ. ಒಂಬತ್ತಕ್ಕೆ ಎದ್ದು ಹತ್ತಕ್ಕೆ ತಿಂಡಿ ತಿಂದು ಹನ್ನೊಂದಕ್ಕೆ ಹೊರಟರೆ ಅರ್ಧ ದಿನ ಹೋಯಿತು ಅಂತಲೇ ಲೆಕ್ಕ. ರಜೆಯಲ್ಲಿ ಬೇಗ ಏಳಬೇಕಾ ಅಂತ ನಿಮ್ಮವರು ಮುಖ ಸಿಂಡರಿಸಿದರೆ ಒಂದು ಉಪಾಯ ಇದೆ: ರಾತ್ರಿ ಎಂಟೂವರೆಗೇ ಮಲಗಿಬಿಡಿ. ಹ್ಯಾವ್‌ಲಾಕ್‌ನಲ್ಲಿ ಎಂಟರ ಮೇಲೆ ಮಾಡುವುದಕ್ಕೆ ಅಂಥದ್ದೇನೂ ಇಲ್ಲ. ಮಧ್ಯಾಹ್ನ ಹನ್ನೆರಡರಿಂದ ಮೂರು ಬಿಸಿಲಿಗೆ ಹೊರಗೆ ಕಾಲಿಡೋಕೆ ಆಗುವುದಿಲ್ಲ, ಆಗ ಇನ್ನೊಂದು ನಿದ್ದೆ.

ಇನ್ನು ಫೆರ್ರಿ. ಪೋರ್ಟ್ ಬ್ಲೇರ್‌ನಿಂದ ಹ್ಯಾವ್‌ಲಾಕ್‌ಗೆ ಖಾಸಗಿ ಫೆರ್ರಿಯಲ್ಲಿ ಸುಮಾರು ಒಂದೂವರೆ ಗಂಟೆ. ಸರ್ಕಾರಿ ಹಡಗು ಎರಡು-ಎರಡೂವರೆ ಗಂಟೆ ತೆಗೆದುಕೊಳ್ಳುತ್ತದೆ, ದರ ತುಂಬಾ ಕಮ್ಮಿ, ಡೆಕ್ ಮೇಲೆ ನಿಂತು ಗಾಳಿ ತಗೊಳ್ಳಬಹುದು, ಆದರೆ ಹೊರಗಿನವರಿಗೆ ಟಿಕೆಟ್ ಸಿಗುವುದು ಕಷ್ಟ. ಹಾಗಾಗಿ ಖಾಸಗಿಯದನ್ನೇ ಆನ್‌ಲೈನ್‌ನಲ್ಲಿ ಮಾಡಿಕೊಳ್ಳಿ. ಬುಕ್ ಮಾಡುವಾಗ ನಮ್ಮ ಜನ ಒಂದು ತಪ್ಪು ಮಾಡುತ್ತಾರೆ. ಚೆಂದದ ರೆಸಾರ್ಟ್ ಫೋಟೊ ನೋಡಿ ಮೊದಲು ರೂಮ್ ಹಿಡಿಯುತ್ತಾರೆ, ಆಮೇಲೆ ನೋಡಿದರೆ ಆ ದಿನ ಫೆರ್ರಿ ಸೀಟು ಖಾಲಿ ಇರುವುದಿಲ್ಲ. ಮೊದಲು ವಿಮಾನ, ಆಮೇಲೆ ಫೆರ್ರಿ, ಕೊನೆಗೆ ರೂಮ್. ನೀವು ಹೋಗುವುದು ವ್ಯಾಲೆಂಟೈನ್ಸ್ ಡೇ ವಾರ ಬೇರೆ, ಒಂದೂವರೆ ತಿಂಗಳ ಮುಂಚೆಯೇ ಎಲ್ಲ ಮುಗಿಸಿ.

ಏನೇ ಆದರೂ ಕೊನೆಯ ರಾತ್ರಿ ಪೋರ್ಟ್ ಬ್ಲೇರ್‌ನಲ್ಲೇ ಇರಬೇಕು. ಇದನ್ನು ನಾನು ಪೆಟ್ಟು ತಿಂದು ಕಲಿತೆ. ಮೊದಲ ಸಲ ನಾನೂ ನನ್ನ ಹೆಂಡತಿಯೂ ಹೋಗಿದ್ದು ಡಿಸೆಂಬರ್‌ನಲ್ಲಿ. ಬೆಳಗ್ಗೆ ಹ್ಯಾವ್‌ಲಾಕ್‌ನಿಂದ ಫೆರ್ರಿ, ಮಧ್ಯಾಹ್ನ ಬೆಂಗಳೂರಿಗೆ ವಿಮಾನ, ಒಂದು ರಾತ್ರಿಯ ರೂಮ್ ಬಾಡಿಗೆ ಉಳಿಯಿತಲ್ಲ ಅಂತ ಬೀಗುತ್ತಿದ್ದೆ. ರಾತ್ರಿಯೆಲ್ಲ ತೆಂಗಿನ ಗರಿ ಬಡಿದುಕೊಳ್ಳುವ ಸದ್ದು. ಬೆಳಗ್ಗೆ ಜೆಟ್ಟಿಗೆ ಹೋದರೆ ಗೇಟು ಹಾಕಿದ್ದಾರೆ, ಕಾಗದದ ಮೇಲೆ ಕೈಯಲ್ಲಿ ಬರೆದು ಅಂಟಿಸಿದ್ದಾರೆ: ಗಾಳಿ ಜಾಸ್ತಿ, ಇವತ್ತು ಯಾವ ಬೋಟೂ ಇಲ್ಲ. ಎರಡು ರಾತ್ರಿ ಅಲ್ಲೇ ಉಳಿದೆವು. ವಿಮಾನದ ದುಡ್ಡು ಹೋಯಿತು, ಹೊಸ ಟಿಕೆಟ್‌ಗೆ ಮೊದಲಿನ ಎರಡರಷ್ಟು ಕೊಟ್ಟೆವು. ಹೆಂಡತಿ ಏನೂ ಅನ್ನಲಿಲ್ಲ, ಅದೇ ಜಾಸ್ತಿ ನೋವಾಗಿದ್ದು. ನಮ್ಮದು ಬರೀ ಗಾಳಿ. 2016ರ ಡಿಸೆಂಬರ್‌ನಲ್ಲಿ ಚಂಡಮಾರುತ ಎದ್ದಾಗ ಹ್ಯಾವ್‌ಲಾಕ್, ನೀಲ್‌ನಲ್ಲಿ ಸಾವಿರಕ್ಕೂ ಹೆಚ್ಚು ಪ್ರವಾಸಿಗರು ಸಿಕ್ಕಿಹಾಕಿಕೊಂಡು ನೌಕಾಪಡೆಯ ಹಡಗುಗಳೇ ಬರಬೇಕಾಯಿತು. ಫೆಬ್ರವರಿಯಲ್ಲಿ ಸಮುದ್ರ ಸಾಮಾನ್ಯವಾಗಿ ಶಾಂತ, ಮಳೆಯೂ ಕಮ್ಮಿ, ನೀವು ಆರಿಸಿದ ತಿಂಗಳು ಒಳ್ಳೆಯದೇ. ಆದರೂ ಆ ಒಂದು ರಾತ್ರಿಯ ವಿಷಯದಲ್ಲಿ ಜಿಪುಣತನ ಬೇಡ.

ಮೊದಲ ದಿನ. ದಾವಣಗೆರೆಯಿಂದ ರಾತ್ರಿ ಬಸ್ಸಿನಲ್ಲಿ ಬಂದು ಬೆಳಗಿನ ವಿಮಾನ ಹತ್ತುತ್ತೀರಿ ಅಂತ ಇಟ್ಟುಕೊಳ್ಳೋಣ. ಬೆಂಗಳೂರಿನಿಂದ ನೇರ ವಿಮಾನವೇ ಹಿಡಿಯಿರಿ, ಎರಡೂವರೆ ಗಂಟೆಗೂ ಸ್ವಲ್ಪ ಜಾಸ್ತಿ ಅಷ್ಟೆ. ಇಳಿಯುವಷ್ಟರಲ್ಲಿ ಇಬ್ಬರೂ ಸುಸ್ತು. ಅವತ್ತು ಸೆಲ್ಯುಲಾರ್ ಜೈಲು ಒಂದೇ ಸಾಕು. 1906ರಲ್ಲಿ ಕಟ್ಟಿ ಮುಗಿಸಿದ ಜೈಲು, ನಕ್ಷತ್ರದ ಹಾಗೆ ಏಳು ಸಾಲು ಇತ್ತು, ಈಗ ಮೂರು ಉಳಿದಿವೆ. ಒಂದು ಸಾಲಿನ ಮುಂಬಾಗಿಲು ಇನ್ನೊಂದು ಸಾಲಿನ ಬೆನ್ನಿಗೆ ಬರುವ ಹಾಗೆ ಕಟ್ಟಿದ್ದಾರೆ, ಕೈದಿಗೆ ಎದುರಿನ ಕೈದಿಯ ಮುಖ ಕಾಣಬಾರದು ಅಂತ. ಒಂದು ಕೋಣೆಯೊಳಗೆ ಹೋಗಿ ಎರಡು ನಿಮಿಷ ನಿಂತು ಬನ್ನಿ. ಸಂಜೆ ಧ್ವನಿ-ಬೆಳಕಿನ ಪ್ರದರ್ಶನಕ್ಕೆ ಕೂರುವ ತ್ರಾಣ ಇದ್ದರೆ ಕೂತುಕೊಳ್ಳಿ, ಇಲ್ಲದಿದ್ದರೆ ಮಲಗಿ.

ಎರಡನೇ ದಿನ ಬೆಳಗಿನ ಫೆರ್ರಿಗೆ ಹ್ಯಾವ್‌ಲಾಕ್. ನೀರಿನ ಭಯ ಇರುವವರಿಗೆ ಅರ್ಧ-ಮುಕ್ಕಾಲು ಗಂಟೆ ಮುಂಚೆ ವಾಂತಿ ತಡೆಯುವ ಮಾತ್ರೆ ಕೊಡಿ, ಹೊಟ್ಟೆ ತುಂಬಾ ತಿನ್ನಿಸಬೇಡಿ, ಖಾಲಿಯೂ ಬಿಡಬೇಡಿ. ಅಲ್ಲಿ ಮೂರು ರಾತ್ರಿ. ಹೌದು, ಮೂರು. ನಿಮ್ಮ ಏಜೆಂಟ್ ಒಂದೇ ರಾತ್ರಿ ಕೊಟ್ಟಿರುತ್ತಾರೆ, ಬೇಕಾದರೆ ತೆಗೆದು ನೋಡಿ.

ರೂಮ್ ಗೋವಿಂದ ನಗರದ ಬೀಚ್ ನಂ. 3ರಿಂದ ವಿಜಯ ನಗರದ ಬೀಚ್ ನಂ. 5ರ ನಡುವೆ ಎಲ್ಲಾದರೂ ಹಿಡಿಯಿರಿ. ಊಟ, ಅಂಗಡಿ, ಸ್ಕೂಬಾದವರು ಎಲ್ಲ ಆ ರಸ್ತೆಯಲ್ಲೇ. ಆದರೆ ಸಮುದ್ರ ಕಾಣುವ ರೂಮ್ ಅಂತ ಡಬಲ್ ದುಡ್ಡು ಕೊಡುವ ಮುಂಚೆ ಒಂದು ವಿಷಯ ತಿಳಿದಿರಲಿ. ಆ ಕಡೆಯ ದಡ ಇಳಿತದ ಹೊತ್ತಿಗೆ ದೂರದವರೆಗೆ ಒಣಗಿ ಬರೀ ಕಲ್ಲು, ಸತ್ತ ಹವಳ ಕಾಣುತ್ತದೆ. ಫೋಟೊದಲ್ಲಿ ಇರುವ ನೀಲಿ ನೀರು ಭರತದ ಹೊತ್ತಿನದು. ಈಜಾಟಕ್ಕೆ ಆ ದಡ ಅಲ್ಲ, ಸೂರ್ಯೋದಯಕ್ಕೆ ಸರಿ.

ನೀರಾಟಕ್ಕೆ ರಾಧಾನಗರ, ಅಂದರೆ ಬೀಚ್ ನಂ. 7, ದ್ವೀಪದ ಆಚೆ ಬದಿ. ಜೆಟ್ಟಿಯಿಂದ ಹತ್ತು-ಹನ್ನೆರಡು ಕಿ.ಮೀ., ಸ್ಕೂಟರ್ ಬಾಡಿಗೆಗೆ ತಗೊಂಡರೆ ಅರ್ಧ ಗಂಟೆಯ ದಾರಿ, ಅಡಿಕೆ ತೋಟ ಗದ್ದೆ ಎಲ್ಲ ಸಿಗುತ್ತದೆ, ನಮ್ಮ ಮಲೆನಾಡಿನ ಒಂದು ತುಂಡು ತಂದು ಇಟ್ಟ ಹಾಗೆ. ಎಲ್ಲರೂ ಸೂರ್ಯಾಸ್ತಕ್ಕೆ ಅಲ್ಲಿಗೆ ಹೋಗುತ್ತಾರೆ, ನೀವೂ ಒಂದು ಸಂಜೆ ಹೋಗಿ, ನಾಲ್ಕಕ್ಕೆಲ್ಲ ಅಲ್ಲಿರಿ. ಆದರೆ ಇನ್ನೊಂದು ದಿನ ಬೆಳಗ್ಗೆ ಆರು ಗಂಟೆಗೆ ಹೋಗಿ ನೋಡಿ. ಅಷ್ಟುದ್ದ ದಡದಲ್ಲಿ ಹತ್ತು ಜನ ಇರುವುದಿಲ್ಲ. ಒದ್ದೆ ಮರಳಿನಲ್ಲಿ ಉಗುರಿನಷ್ಟು ಏಡಿಗಳು ಮರಳನ್ನೇ ಸಾಬೂದಾನಿ ಕಾಳಿನಷ್ಟು ಗುಂಡಗೆ ಮಾಡಿ ಬಿಲದ ಸುತ್ತ ಹರಡಿರುತ್ತವೆ. ಬಗ್ಗಿ ನೋಡಿದರೆ ಯಾರೋ ಅವಸರದಲ್ಲಿ ರಂಗೋಲಿ ಹಾಕಿ ಎದ್ದುಹೋದ ಹಾಗಿರುತ್ತದೆ. ನಿಮ್ಮ ನೆರಳು ಬಿದ್ದ ಕೂಡಲೇ ಎಲ್ಲ ಒಳಗೆ. ಅಲ್ಲಾಡದೆ ಕೂತರೆ ಒಂದೊಂದೇ ಹೊರಗೆ ಬಂದು ಕೆಲಸ ಶುರು ಮಾಡುತ್ತವೆ. ನಾವಿಬ್ಬರೂ ಒಂದು ಸಲ ಮುಕ್ಕಾಲು ಗಂಟೆ ಇದನ್ನೇ ನೋಡುತ್ತಾ ಕೂತಿದ್ದೆವು.

ಒಂದು ಎಚ್ಚರಿಕೆ. ಅಂಡಮಾನ್‌ನಲ್ಲಿ ಉಪ್ಪುನೀರಿನ ಮೊಸಳೆಗಳಿವೆ. 2010ರಲ್ಲಿ ರಾಧಾನಗರದ ಪಕ್ಕದಲ್ಲೇ ವಿದೇಶಿ ಪ್ರವಾಸಿಯೊಬ್ಬರು ಮೊಸಳೆಗೆ ಬಲಿಯಾಗಿದ್ದರು. ಹೆದರಿ ರೂಮಿನಲ್ಲೇ ಕೂರಬೇಕಿಲ್ಲ, ಲೈಫ್‌ಗಾರ್ಡ್ ಇರುವ ಜಾಗದಲ್ಲೇ ಇಳಿಯಿರಿ. ಮ್ಯಾಂಗ್ರೋವ್ ಮರಗಳ ಹತ್ತಿರ, ಹಳ್ಳ ಸಮುದ್ರ ಸೇರುವ ಕಡೆ, ಕತ್ತಲಾದ ಮೇಲೆ ಇಳಿಯಬೇಡಿ. ನಿಮ್ಮವರಿಗೆ ಇದನ್ನು ಹೇಳಬೇಕಾ ಬೇಡವಾ ಅನ್ನೋದು ನಿಮಗೆ ಬಿಟ್ಟಿದ್ದು.

ಸ್ಕೂಬಾ ಮೂರನೇ ದಿನ ಬೆಳಗ್ಗೆ ಇಟ್ಟುಕೊಳ್ಳಿ. ಡೈವ್ ಮಾಡಿದ ಮೇಲೆ ಕನಿಷ್ಠ 18 ಗಂಟೆ ವಿಮಾನ ಹತ್ತದಿರುವುದು ಒಳ್ಳೆಯದು. ನೀರಿನ ಒತ್ತಡದಲ್ಲಿ ಮೈಯೊಳಗೆ ಸೇರಿದ ನೈಟ್ರೋಜನ್ ನಿಧಾನವಾಗಿ ಹೊರಹೋಗಬೇಕು, ಮೇಲೆ ಹಾರಿದರೆ ಅದು ಗುಳ್ಳೆಯಾಗುತ್ತದೆ. ನಿಮ್ಮ ವಿಮಾನ ಏಳನೇ ದಿನ, ತೊಂದರೆ ಇಲ್ಲ. ಈಜು ಬರದಿದ್ದರೂ ಮೊದಲ ಸಲದವರಿಗೆ ಮಾಡಿಸುವ ಡೈವ್ ಮಾಡಬಹುದು. ಹೆಚ್ಚೆಂದರೆ 12 ಮೀಟರ್, ಎಷ್ಟೋ ಸಲ ಅಷ್ಟೂ ಇಲ್ಲ. ಮಾಡಿಸುವವರು ಪೂರ್ತಿ ಹೊತ್ತು ನಿಮ್ಮನ್ನು ಹಿಡಿದೇ ಇರುತ್ತಾರೆ. ಮೊದಲು ಎದೆಮಟ್ಟದ ನೀರಿನಲ್ಲಿ ನಿಲ್ಲಿಸಿ ಬಾಯಲ್ಲೇ ಉಸಿರಾಡುವುದು, ಕನ್ನಡಕಕ್ಕೆ ನುಗ್ಗಿದ ನೀರು ಹೊರಹಾಕುವುದು, ಮೂಗು ಹಿಡಿದು ಮೆಲ್ಲಗೆ ಊದಿ ಕಿವಿ ಬಿಡಿಸಿಕೊಳ್ಳುವುದು ಕಲಿಸುತ್ತಾರೆ. ಇಳಿಯುವಾಗ ಕಿವಿ ನೋವು ಬಂದರೆ ಸಹಿಸಿಕೊಳ್ಳಬೇಡಿ, ಅಲ್ಲೇ ನಿಲ್ಲಿಸಲು ಸನ್ನೆ ಮಾಡಿ. ಆಸ್ತಮಾ, ಫಿಟ್ಸ್, ಕಿವಿ ಆಪರೇಷನ್, ಗರ್ಭಿಣಿ, ಇದರಲ್ಲಿ ಯಾವುದಾದರೂ ಇದ್ದರೆ ಫಾರ್ಮ್‌ನಲ್ಲಿ ಮುಚ್ಚಿಡಬೇಡಿ. ನೆಗಡಿ ಇದ್ದರೂ ಅವತ್ತು ಬೇಡ.

ಮತ್ತೆ ಹೆಬ್ಬೆಟ್ಟು. ಚೆನ್ನಾಗಿದೆ ಅನ್ನೋದಕ್ಕೆ ನಾವು ಹೆಬ್ಬೆಟ್ಟು ಎತ್ತುತ್ತೇವಲ್ಲ, ನೀರೊಳಗೆ ಅದರ ಅರ್ಥ ಮೇಲೆ ಹೋಗೋಣ ಅಂತ. ನನ್ನ ಮೊದಲ ಡೈವ್‌ನಲ್ಲಿ ಹಳದಿ ಪಟ್ಟೆಯ ಮೀನಿನ ಗುಂಪು ಮುಖದ ಮುಂದೆಯೇ ಹಾದುಹೋಯಿತು, ಖುಷಿಗೆ ಎರಡೂ ಹೆಬ್ಬೆಟ್ಟು ಎತ್ತಿದೆ. ಪಾಪ, ಡೈವ್ ಮಾಡಿಸುತ್ತಿದ್ದ ಹುಡುಗ ಏನೋ ಆಯಿತು ಅಂತ ನನ್ನನ್ನು ಸೀದಾ ಮೇಲೆ ತಂದ. ಚೆನ್ನಾಗಿದೆ ಅನ್ನಲು ಹೆಬ್ಬೆರಳು, ತೋರುಬೆರಳು ಸೇರಿಸಿ ಸೊನ್ನೆ ಮಾಡಬೇಕು. ರೂಮಿನಲ್ಲೇ ನಾಲ್ಕು ಸಲ ಅಭ್ಯಾಸ ಮಾಡಿಕೊಂಡು ಹೋಗಿ.

ನೀವು ನೀರೊಳಗೆ ಇರುವ ಹೊತ್ತು ನಿಮ್ಮವರನ್ನು ಬೋಟಿನಲ್ಲಿ ಕೂರಿಸಬೇಡಿ. ನಿಂತ ಬೋಟು ಓಡುವ ಬೋಟಿಗಿಂತ ಜಾಸ್ತಿ ತೂಗಾಡುತ್ತದೆ, ಭಯ ಇರುವವರಿಗೆ ಅದು ಶಿಕ್ಷೆ. ಅವರು ಮಲಗಲಿ, ಸ್ಕೂಟರ್ ತಗೊಂಡು ಕಾಲಾಪತ್ಥರ್ ದಡದ ಕಡೆ ಹೋಗಿ ಎಳನೀರು ಕುಡಿಯಲಿ. ಒಂದು ವಾರದಲ್ಲಿ ಅರ್ಧ ದಿನ ಬೇರೆ ಬೇರೆ ಇದ್ದರೆ ಏನೂ ಆಗುವುದಿಲ್ಲ, ರಾತ್ರಿ ಊಟಕ್ಕೆ ಹೇಳಲು ಇಬ್ಬರ ಹತ್ತಿರವೂ ಏನಾದರೂ ಇರುತ್ತದೆ. ಅವರಿಗೂ ಮೀನು, ಹವಳ ನೋಡುವ ಮನಸ್ಸಾದರೆ ನೀಲ್‌ನ ಭರತ್‌ಪುರ ದಡದಲ್ಲಿ ಗಾಜಿನ ತಳದ ಬೋಟು ಇದೆ, ಕಾಲು ಒದ್ದೆಯಾಗದು.

ನಾಲ್ಕನೇ ದಿನ ಎಲಿಫೆಂಟ್ ಬೀಚ್‌ಗೆ ಹೋಗಬಹುದು, ಲೈಫ್ ಜಾಕೆಟ್ ಹಾಕಿಕೊಂಡು ಮುಖ ಮುಳುಗಿಸಿ ನೋಡಿದರೂ ಹವಳ ಕಾಣುತ್ತದೆ. ಜನ ಜಾಸ್ತಿ, ಗಲಾಟೆ ಜಾಸ್ತಿ. ಮೊದಲ ಬೋಟಿಗೆ ಹೋಗುವುದಾದರೆ ಹೋಗಿ, ಇಲ್ಲದಿದ್ದರೆ ಬಿಡಿ. ಹವಳದ ಮೇಲೆ ಮಾತ್ರ ಕಾಲಿಡಬೇಡಿ, ಅದು ಕಲ್ಲಲ್ಲ, ಜೀವ ಇರುವಂಥದ್ದು.

ಮನೆಯ ಗೋಡೆ ಕ್ಯಾಲೆಂಡರ್ ತೆಗೆದು ಅಮಾವಾಸ್ಯೆ ಯಾವತ್ತು ಅಂತಲೂ ನೋಡಿಕೊಳ್ಳಿ. ನೀವು ಇರುವ ದಿನಗಳ ಆಸುಪಾಸಿನಲ್ಲಿ ಬಂದರೆ ಎರಡು ಲಾಭ. ಕತ್ತಲ ರಾತ್ರಿಯಲ್ಲಿ ಹ್ಯಾವ್‌ಲಾಕ್‌ನಲ್ಲಿ ಕಯಾಕ್ ಅನ್ನುವ ಪುಟ್ಟ ದೋಣಿಯಲ್ಲಿ ಕರೆದೊಯ್ಯುತ್ತಾರೆ, ಹುಟ್ಟು ಹಾಕಿದ ಕಡೆ ನೀರು ನೀಲಿಯಾಗಿ ಮಿನುಗುತ್ತದೆ, ಬೆಳದಿಂಗಳಿದ್ದರೆ ಅದು ಕಾಣುವುದಿಲ್ಲ. ಇನ್ನೊಂದು ಲಾಭ ನೀಲ್‌ನಲ್ಲಿ. ಅಲ್ಲಿ ತಾನಾಗಿಯೇ ಆದ ಕಲ್ಲಿನ ಸೇತುವೆ ನೋಡಲು ಇಳಿತದ ಹೊತ್ತಿಗೇ ಹೋಗಬೇಕು, ಅಮಾವಾಸ್ಯೆ-ಹುಣ್ಣಿಮೆಗೆ ನೀರು ತುಂಬಾ ಹಿಂದೆ ಸರಿಯುತ್ತದೆ. ಆಗ ಕಲ್ಲಿನ ಗುಂಡಿಗಳಲ್ಲಿ ನಕ್ಷತ್ರಮೀನು, ಸಮುದ್ರ ಸೌತೆ ಎಲ್ಲ ಬರಿಗಣ್ಣಿಗೆ ಕಾಣುತ್ತವೆ. ಭರತದ ಹೊತ್ತಿಗೆ ಹೋದರೆ ಹತ್ತಿರ ಹೋಗಲೂ ಆಗದು, ನಾನೊಮ್ಮೆ ಹಾಗೆ ಹೋಗಿ ನಿಂಬೆ ಸೋಡಾ ಕುಡಿದು ವಾಪಸ್ ಬಂದಿದ್ದೇನೆ. ಆ ದಿನದ ಇಳಿತ ಎಷ್ಟು ಗಂಟೆಗೆ ಅಂತ ಹಿಂದಿನ ರಾತ್ರಿಯೇ ನೆಟ್‌ನಲ್ಲಿ ನೋಡಿ, ಇಲ್ಲ ಹೋಟೆಲಿನವರನ್ನು ಕೇಳಿ.

ಐದನೇ ದಿನ ಬೆಳಗ್ಗೆ ಫೆರ್ರಿಗೆ ನೀಲ್, ಒಂದು ಗಂಟೆಯೊಳಗಿನ ದಾರಿ. ಪುಟ್ಟ ಊರು, ಸೈಕಲ್‌ನಲ್ಲೇ ಮುಗಿಯುತ್ತದೆ. ಊರುಗಳ ಹೆಸರು ಸೀತಾಪುರ, ಭರತ್‌ಪುರ, ಲಕ್ಷ್ಮಣಪುರ, ರಾಮನಗರ. ಸಂಜೆ ಲಕ್ಷ್ಮಣಪುರ, ಬೆಳಗ್ಗೆ ಸೀತಾಪುರ, ನಡುವೆ ಸೇತುವೆ, ಅಷ್ಟೆ. ಆರನೇ ದಿನ ಮಧ್ಯಾಹ್ನದ ಮೇಲೆ ಪೋರ್ಟ್ ಬ್ಲೇರ್‌ಗೆ ವಾಪಸ್, ರಾತ್ರಿ ಅಲ್ಲೇ, ಮರುದಿನ ವಿಮಾನ. ಅಕಸ್ಮಾತ್ ಗಾಳಿ ಎದ್ದು ಐದನೇ ದಿನ ಫೆರ್ರಿ ರದ್ದಾದರೆ ನೀಲ್ ಬಿಟ್ಟುಬಿಡಿ, ಹ್ಯಾವ್‌ಲಾಕ್‌ನಲ್ಲೇ ಇನ್ನೊಂದು ದಿನ ಇದ್ದು ನೇರ ಪೋರ್ಟ್ ಬ್ಲೇರ್‌ಗೆ ಬನ್ನಿ.

ಊಟದ ಜಗಳ ಅಷ್ಟು ದೊಡ್ಡದಲ್ಲ. ಹ್ಯಾವ್‌ಲಾಕ್, ನೀಲ್‌ನಲ್ಲಿ ಇರುವವರು ಹೆಚ್ಚಿನಂಶ ಬಂಗಾಳಿಗಳು, 1950, 60ರ ದಶಕಗಳಲ್ಲಿ ಪೂರ್ವ ಪಾಕಿಸ್ತಾನದಿಂದ ಬಂದ ನಿರಾಶ್ರಿತರನ್ನು ಅಲ್ಲಿ ನೆಲೆಗೊಳಿಸಿದ್ದು. ಹಾಗಾಗಿ ನಿಮಗೆ ಮಾರ್ಕೆಟ್ ಹತ್ತಿರದ ಸಣ್ಣ ಹೋಟೆಲುಗಳಲ್ಲಿ ಸಾಸಿವೆ ಹಾಕಿದ ಮೀನಿನ ಸಾರು, ಅನ್ನ, ರೆಸಾರ್ಟಿಗಿಂತ ಚೆನ್ನಾಗಿರುತ್ತದೆ, ಬೆಲೆಯೂ ಕಮ್ಮಿ. ನಿಮ್ಮವರಿಗೆ ಅಲ್ಲೇ ಅನ್ನ, ಬೇಳೆ, ತರಕಾರಿ ಪಲ್ಯ ಸಿಗುತ್ತದೆ, ಆದರೆ ಒಂದೇ ಸೌಟು ಎರಡಕ್ಕೂ ಓಡಾಡುವುದು ಅವರಿಗೆ ಆಗದು ಅಂದರೆ ಶುದ್ಧ ಸಸ್ಯಾಹಾರಿ ಅಂತ ಬೋರ್ಡ್ ಇರುವ ಕಡೆ ಹೋಗಬೇಕು, ಅವೂ ಇವೆ. ಪೋರ್ಟ್ ಬ್ಲೇರ್‌ನಲ್ಲಿ ತಮಿಳರು, ತೆಲುಗರು ಬೇಕಾದಷ್ಟು ಇರುವುದರಿಂದ ಇಡ್ಲಿ, ದೋಸೆಗೆ ಬರವಿಲ್ಲ. ಮಂಡಕ್ಕಿ ಮೂಟೆ ಕಟ್ಟಿಕೊಳ್ಳಬೇಡಿ, ಒಂದು ಡಬ್ಬಿ ಚಟ್ನಿಪುಡಿ ಸಾಕು.

ದುಡ್ಡಿನ ಲೆಕ್ಕ, ಅಂದಾಜಿನಲ್ಲಿ, ಇಬ್ಬರಿಗೆ: ವಿಮಾನ 30,000, ಫೆರ್ರಿ ಮೂರು ಸಲ ಸೇರಿ 9,000, ಆರು ರಾತ್ರಿ ರೂಮ್ 4,000ದ ಹಾಗೆ 24,000, ಊಟ 10,000, ಟ್ಯಾಕ್ಸಿ 5,000, ನಿಮ್ಮ ಡೈವ್ 4,500, ಸ್ಕೂಟರ್ ನಾಲ್ಕು ದಿನಕ್ಕೆ 2,500. 85,000 ಆಯಿತು. ಎಲಿಫೆಂಟ್ ಬೀಚ್, ಕಯಾಕ್, ಆಕಡೆ ಈಕಡೆ ಸೇರಿಸಿ 95,000 ಅನ್ನಿ. ದರ ಏರಿಳಿತ ಇದ್ದೇ ಇರುತ್ತದೆ, ಆದರೂ 1,38,000 ಆಗುವುದಿಲ್ಲ. ಉಳಿದದ್ದರಲ್ಲಿ ಹ್ಯಾವ್‌ಲಾಕ್‌ನಲ್ಲಿ ಒಂದು ರಾತ್ರಿ ಒಳ್ಳೆಯ ರೂಮಿಗೆ ಬದಲಾಯಿಸಿಕೊಳ್ಳಿ. ಸ್ವಲ್ಪ ನಗದು ಕೈಯಲ್ಲಿರಲಿ, ನೆಟ್ ಇಲ್ಲದ ಹೊತ್ತಿನಲ್ಲಿ ಸ್ಕ್ಯಾನ್ ಮಾಡಿ ಕೊಡೋದು ಆಗಲ್ಲ. ಪರ್ಮಿಟ್ ಏನೂ ಬೇಡ, ಆಧಾರ್ ಕಾರ್ಡ್ ಮಾತ್ರ ಫೆರ್ರಿಗೂ ಬೇಕು.

ಬ್ಯಾಗಿಗೆ ಕೊಬ್ಬರಿ ಎಣ್ಣೆ ಹಾಕಿಕೊಳ್ಳಿ. ತಲೆಗಲ್ಲ, ಕಾಲಿಗೆ. ಮರಳಿನಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ನೊಣ ಇರುತ್ತವೆ, ಕಚ್ಚಿದ ಮೇಲೆ ವಾರಗಟ್ಟಲೆ ತುರಿಕೆ. ಎಣ್ಣೆ ಹಚ್ಚಿದ ಕಾಲಿಗೆ ಅಷ್ಟಾಗಿ ಕಚ್ಚುವುದಿಲ್ಲ. ಬರುವಾಗ ದಡದಲ್ಲಿ ಸಿಕ್ಕ ಚಿಪ್ಪು, ಹವಳದ ಚೂರು ಏನನ್ನೂ ತರಬೇಡಿ, ಏರ್‌ಪೋರ್ಟ್ ಸ್ಕ್ಯಾನರ್‌ನಲ್ಲಿ ಕಾಣುತ್ತದೆ, ವನ್ಯಜೀವಿ ಕಾಯ್ದೆ ಅಂತ ಶುರುವಾದರೆ ವಿಮಾನ ತಪ್ಪುತ್ತದೆ.

ಉಳಿದಿದ್ದು ಅತ್ತೆಯ ಫೋನ್. 2020ರಲ್ಲಿ ಚೆನ್ನೈನಿಂದ ಸಮುದ್ರದಡಿ ಕೇಬಲ್ ಬಂದ ಮೇಲೆ ನೆಟ್‌ವರ್ಕ್ ಎಷ್ಟೋ ಸುಧಾರಿಸಿದೆ. ಪೋರ್ಟ್ ಬ್ಲೇರ್‌ನಲ್ಲಿ ವಿಡಿಯೊ ಕಾಲ್ ಕೂಡ ಆಗುತ್ತದೆ, ಹ್ಯಾವ್‌ಲಾಕ್ ಮಾರ್ಕೆಟ್ ಹತ್ತಿರ ಮಾತಿಗೆ ತೊಂದರೆ ಇಲ್ಲ, ಕೆಲವು ದಡಗಳಲ್ಲಿ ಸಿಗ್ನಲ್ ಬರುತ್ತೆ ಹೋಗುತ್ತೆ. ದಿನಕ್ಕೆ ಒಂದೇ ಸಲ, ರಾತ್ರಿ ಊಟ ಆದ ಮೇಲೆ ಮಾಡ್ತೀವಿ, ಅಲ್ಲಿ ಸಿಗ್ನಲ್ ಸರಿಯಿಲ್ಲವಂತೆ ಅಂತ ಹೊರಡುವ ಮುಂಚೆಯೇ ಹೇಳಿಬಿಡಿ. ಪೂರ್ತಿ ಸುಳ್ಳೇನೂ ಅಲ್ಲ.